ಫಸ್ಟ್ ಪಿಯುಸಿ ಗಣಿತಕ್ಕೆ ಯಾವ ಬ್ಯಾಚ್?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಬೆಳಿಗ್ಗೆ ಸೇಡಂನಿಂದ ನನ್ನ ತಮ್ಮ ಫೋನ್ ಮಾಡಿದ. ಅವನ ಮಗಳಿಗೆ ಗಣಿತದಲ್ಲಿ 100ಕ್ಕೆ 96 ಅಂಕ ಬಂದಿದ್ದವು. ಸಂತೋಷದ ಮಾತು ಮುಗಿಯುವ ಮೊದಲೇ, "ಅಕ್ಕಾ, ಪೋರಿಗಿ ಜೆಇಇ ಬ್ಯಾಚಿಗಿ ಹಾಕಲೇನು, ಸಿಇಟಿ ಬ್ಯಾಚ್ ಸಾಕೇನು? ನಾಳಿಗೇ ಅಡ್ಮಿಷನ್ ಮಾಡಿಸಿದ್ರ ಫೀಸ್‌ನ್ಯಾಗ ಕಡಿಮಿ ಮಾಡ್ತೀವಿ ಅಂದಾರ" ಎಂದು ಕೇಳಿದ. ಜೆಇಇ ಎಂದರೆ ಐಐಟಿ, ಎನ್ಐಟಿಯಂಥ ಎಂಜಿನಿಯರಿಂಗ್ ಸಂಸ್ಥೆಗಳಿಗೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ, ಸಿಇಟಿ ನಮ್ಮ ರಾಜ್ಯದ ಕಾಲೇಜುಗಳಿಗೆ ನಡೆಯುವ ಪರೀಕ್ಷೆ. ಕಲಬುರಗಿಯ ಪದವಿಪೂರ್ವ ಕಾಲೇಜೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ಗಣಿತ ಕಲಿಸುತ್ತಿರುವ ನನಗೆ ಈ ಪ್ರಶ್ನೆ ಪ್ರತಿ ಬೇಸಿಗೆಯಲ್ಲೂ ಎದುರಾಗುತ್ತದೆ. ಎರಡು ದಿನ ತಡೆ, ಅವಳನ್ನು ನನ್ನ ಹತ್ತಿರ ಕಳಿಸು ಎಂದೆ.

ವಿಜ್ಞಾನ ವಿಭಾಗಕ್ಕೆ ಸೇರುವ ಮಕ್ಕಳ ಪೋಷಕರು ಮೊದಲು ತಿಳಿಯಬೇಕಾದದ್ದೇನೆಂದರೆ, ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಇರಲಿ, ಜೀವಶಾಸ್ತ್ರದ ಬದಲು ಕಂಪ್ಯೂಟರ್ ವಿಜ್ಞಾನವಿರುವ ಪಿಸಿಎಂಸಿ ಇರಲಿ, ಬೋರ್ಡಿನ ಗಣಿತ ಪಠ್ಯ ಎಲ್ಲರಿಗೂ ಒಂದೇ. ಗಣಗಳಿಂದ ಆರಂಭವಾಗಿ ತ್ರಿಕೋನಮಿತಿ, ದ್ವಿಪದ ಪ್ರಮೇಯ, ಸರಳರೇಖೆಗಳ ಮೂಲಕ ಹಾದು ಸಂಭವನೀಯತೆಗೆ ಬಂದು ನಿಲ್ಲುವ ಆ ಪುಸ್ತಕವನ್ನೇ ಎಲ್ಲರೂ ಓದುತ್ತಾರೆ. ವ್ಯತ್ಯಾಸವಿರುವುದು ಕಾಲೇಜುಗಳು ತಾವೇ ಮಾಡಿಕೊಂಡಿರುವ ಬ್ಯಾಚುಗಳಲ್ಲಿ, ಅಂದರೆ ಕಲಿಸುವ ವೇಗದಲ್ಲಿ ಮತ್ತು ಕೊಡುವ ಲೆಕ್ಕಗಳ ಆಳದಲ್ಲಿ. ವಾಣಿಜ್ಯ ವಿಭಾಗದ ಬೇಸಿಕ್ ಮ್ಯಾಥ್ಸ್ ಬೇರೆಯೇ ವಿಷಯ; ಅದರಲ್ಲಿ ಬಿಲ್ ಡಿಸ್ಕೌಂಟಿಂಗ್, ಷೇರುಗಳ ಲೆಕ್ಕದ ಜೊತೆಗೆ ಕಲನಶಾಸ್ತ್ರದ ಪರಿಚಯವೂ ಇರುವುದರಿಂದ ಅದನ್ನು ಸುಲಭವೆಂದು ತಿಳಿದು ಯಾರೂ ಆರಿಸಿಕೊಳ್ಳಬಾರದು.

ಹತ್ತನೇ ತರಗತಿಯಿಂದ ಫಸ್ಟ್ ಪಿಯುಸಿಗೆ ಇರುವ ಜಿಗಿತ ಎಷ್ಟು ದೊಡ್ಡದು ಎಂಬುದನ್ನು ಒಂದೇ ಉದಾಹರಣೆಯಿಂದ ತೋರಿಸಬಲ್ಲೆ. ವರ್ಗ ಸಮೀಕರಣದ ಶೋಧಕ (b²−4ac) ಸೊನ್ನೆಗಿಂತ ಕಡಿಮೆ ಬಂದರೆ 'ವಾಸ್ತವ ಮೂಲಗಳಿಲ್ಲ' ಎಂದು ಬರೆದು ಮಕ್ಕಳು ಹತ್ತರಲ್ಲಿ ಪೂರ್ತಿ ಅಂಕ ಪಡೆದಿರುತ್ತಾರೆ. ಕೆಲವೇ ತಿಂಗಳಲ್ಲಿ, ಋಣಸಂಖ್ಯೆಗೂ ವರ್ಗಮೂಲವಿದೆ ಎನ್ನುವ ಸಂಮಿಶ್ರ ಸಂಖ್ಯೆಗಳ ಅಧ್ಯಾಯ ಬಂದು, ಇಲ್ಲವೆಂದಿದ್ದ ಆ ಮೂಲಗಳನ್ನೇ ಬರೆಯಿರಿ ಎನ್ನುತ್ತದೆ. ನಮ್ಮ ಸೇಡಂ ರಸ್ತೆಯ ಮಳಖೇಡ ಹಿಂದೆ ಮಾನ್ಯಖೇಟವಾಗಿದ್ದ ಕಾಲಕ್ಕೆ, 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ 'ಗಣಿತಸಾರ ಸಂಗ್ರಹ' ಬರೆದ ಮಹಾವೀರಾಚಾರ್ಯರು, ಋಣಸಂಖ್ಯೆ ಸ್ವಭಾವತಃ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಅಂಥ ಪಂಡಿತರು ನಿಂತ ಜಾಗವನ್ನು ದಾಟಲು ಹದಿನಾರು ವರ್ಷದ ಮಗುವಿಗೆ ನಾವು ಹೆಚ್ಚೆಂದರೆ ಎರಡು ವಾರ ಕೊಡುತ್ತೇವೆ. ಕೆಲವು ಜೆಇಇ ಬ್ಯಾಚುಗಳಲ್ಲಿ ಅದಕ್ಕೆ ಸಿಗುವುದು ನಾಲ್ಕೇ ತರಗತಿಗಳು.

ಇದನ್ನು ನಾನು ನನ್ನ ಮನೆಯಲ್ಲೇ ತಡವಾಗಿ ಕಲಿತೆ. ನಾಲ್ಕು ವರ್ಷಗಳ ಹಿಂದೆ ಮಗನಿಗೆ ಗಣಿತದಲ್ಲಿ 98 ಬಂದಾಗ ಹೆಚ್ಚು ಯೋಚಿಸದೆ ನಗರದ ಒಂದು ಕಾಲೇಜಿನ ಜೆಇಇ ಬ್ಯಾಚಿಗೆ ಸೇರಿಸಿದೆ. ದಸರೆ ರಜೆಯಲ್ಲಿ ಒಮ್ಮೆ ಅವನ ನೋಟ್‌ಬುಕ್ ತೆಗೆದು ನೋಡಿದೆ. ಪುಟಗಟ್ಟಲೆ ದುಂಡಾದ ಅಕ್ಷರ, ಪ್ರತಿ ಲೆಕ್ಕವೂ ಸರಿ, ಎಲ್ಲಿಯೂ ಒಂದು ಕಾಟು ಇಲ್ಲ, ಅಳಿಸಿದ ಗುರುತಿಲ್ಲ. ಅವನು ಬೋರ್ಡಿನ ಮೇಲಿದ್ದದ್ದನ್ನು ಇಳಿಸಿಕೊಳ್ಳುತ್ತಿದ್ದನೇ ಹೊರತು ಒಂದು ಲೆಕ್ಕವನ್ನೂ ತಾನಾಗಿ ಮಾಡುತ್ತಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದರೆ, "ನೀನೇ ಮ್ಯಾಥ್ಸ್ ಮೇಡಂ ಇದ್ದಿ ಅವ್ವಾ, ಹೆಂಗ ಹೇಳಲಿ" ಎಂದ. ಆ ಮಾತು ಇಂದಿಗೂ ನನ್ನ ಎದೆಯಲ್ಲಿದೆ. ಬ್ಯಾಚ್ ಬದಲಿಸಿದ ಮೇಲೆ ಅವನು ಚೇತರಿಸಿಕೊಂಡನಾದರೂ, ಆ ಐದು ತಿಂಗಳಲ್ಲಿ ತ್ರಿಕೋನಮಿತಿಯ ಬಗ್ಗೆ ಹುಟ್ಟಿದ ಅಂಜಿಕೆ ಸೆಕೆಂಡ್ ಪಿಯುಸಿ ಮುಗಿಯುವವರೆಗೂ ಪೂರ್ತಿ ಹೋಗಲಿಲ್ಲ.

ತಮ್ಮನ ಮಗಳು ಬಂದ ದಿನ ಮಧ್ಯಾಹ್ನ ಊಟವಾದ ಮೇಲೆ ಅವಳ ಮುಂದೆ ಒಂದು ಹಾಳೆ ಇಟ್ಟು, x²−5x+6 ಎಂಬುದು ಸೊನ್ನೆಗಿಂತ ಹೆಚ್ಚಾಗಿರಬೇಕಾದರೆ x ಏನಾಗಿರಬೇಕು ಎಂದು ಕೇಳಿದೆ. ಸಮ ಚಿಹ್ನೆ ಇದ್ದರೆ ಅದು ಹತ್ತನೆಯ ಲೆಕ್ಕ. 'ಹೆಚ್ಚು' ಎಂದ ಕೂಡಲೇ ಅವಳು ಹಿಂದೆಂದೂ ಮಾಡಿರದ ಲೆಕ್ಕವಾಗುತ್ತದೆ. ಅರ್ಧ ನಿಮಿಷದಲ್ಲಿ ಅಪವರ್ತಿಸಿ, x 2ಕ್ಕಿಂತ ಹೆಚ್ಚು, 3ಕ್ಕಿಂತ ಹೆಚ್ಚು ಎಂದು ಬರೆದು ನನ್ನ ಮುಖ ನೋಡಿದಳು. ನಾನು ಸರಿಯೆಂದೂ ಹೇಳಲಿಲ್ಲ, ತಪ್ಪೆಂದೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ನಂತರ ಅವಳಾಗಿಯೇ 2.5 ಹಾಕಿ ನೋಡಿದಳು, −0.25 ಬಂತು. ಹುಬ್ಬು ಗಂಟಿಕ್ಕಿ 4 ಹಾಕಿದಳು, 2 ಬಂತು. ಆಮೇಲೆ 0 ಹಾಕಿದರೆ 6 ಬಂತು. "ಅತ್ತಿ, ಸೊನ್ನಿ ಎರಡಕ್ಕಿಂತ ಸಣ್ಣದು, ಆದ್ರೂ ನಡೀತದಲ್ಲ!" ಎಂದವಳೇ ಸಂಖ್ಯಾರೇಖೆ ಎಳೆದು 2 ಮತ್ತು 3ರ ನಡುವಿನ ಭಾಗ ಮಾತ್ರ ನಡೆಯದೆಂದು ಅದನ್ನು ಪೆನ್ಸಿಲ್ಲಿನಿಂದ ಕಪ್ಪು ಮಾಡಿದಳು. ಇಷ್ಟಕ್ಕೆ ಇಪ್ಪತ್ತೈದು ನಿಮಿಷ ಹಿಡಿಯಿತು. 96 ಅಂಕಗಳು ಹೇಳದಿದ್ದ ಎರಡು ಸಂಗತಿಗಳು ಆ ಹಾಳೆಯಲ್ಲಿದ್ದವು: ಗೊತ್ತಿಲ್ಲದ ಲೆಕ್ಕದ ಮುಂದೆ ಕೂಡುವ ತಾಳ್ಮೆ ಅವಳಿಗಿದೆ, ಮತ್ತು ಅವಳಿಗೆ ಸಮಯ ಬೇಕು.

ಇನ್ನೊಂದು ಹಾಳೆಯಲ್ಲಿ ಅವಳ ತೊಡಕು ಎಲ್ಲಿದೆ ಎಂಬುದು ಕಂಡಿತು. ಎಂಟನೆಯ, ಒಂಬತ್ತನೆಯ ತರಗತಿಯ ಬೀಜಗಣಿತ ಗಟ್ಟಿಯಾಗಿತ್ತು, ಶೋಧಕವೆಂದರೆ ಕೂಡಲೇ ಸೂತ್ರ ಬರೆದಳು. ಅದನ್ನೇ ಇಂಗ್ಲಿಷಿನಲ್ಲಿ 'ಡಿಸ್ಕ್ರಿಮಿನೆಂಟ್' ಎಂದಾಗ ಪೆನ್ಸಿಲ್ ನಿಂತಿತು. ಸೇಡಂ, ಚಿಂಚೋಳಿ, ಶಹಾಪುರ, ಔರಾದ್‌ಗಳ ಕನ್ನಡ ಮಾಧ್ಯಮದ ಶಾಲೆಗಳಿಂದ ಬರುವ ಮಕ್ಕಳಲ್ಲಿ ಇದನ್ನು ಪ್ರತಿ ವರ್ಷವೂ ನೋಡುತ್ತೇನೆ. ಸಮಾಂತರ ಶ್ರೇಢಿಯನ್ನು ನೀರು ಕುಡಿದಷ್ಟು ಸುಲಭವಾಗಿ ಬಿಡಿಸುವ ಹುಡುಗ ಇಂಗ್ಲಿಷ್ ಹೆಸರು ಕೇಳಿ ತನಗೆ ಗಣಿತವೇ ಬರುವುದಿಲ್ಲವೆಂದು ತಿಳಿದು ಹಿಂದಿನ ಬೆಂಚಿಗೆ ಹೋಗಿಬಿಡುತ್ತಾನೆ. ಅಂಥ ಮಗುವಿಗೆ ಜೂನ್‌ನಿಂದ ಆಗಸ್ಟ್‌ವರೆಗೆ ಪದಗಳಿಗೆ ಒಗ್ಗಿಕೊಳ್ಳಲು ಬಿಡುವು ಕೊಡುವ ತರಗತಿ ಬೇಕು, ಆ ಬಿಡುವು ಅವನ ಹಕ್ಕು ಎಂದೇ ನಾನು ನಂಬಿದ್ದೇನೆ.

ಪರೀಕ್ಷೆಗಳ ಸ್ವರೂಪವನ್ನೂ ತಮ್ಮನಿಗೆ ಬಿಡಿಸಿ ಹೇಳಿದೆ. ಸಿಇಟಿ ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆಗಳು, ಅಂದರೆ ಒಂದಕ್ಕೆ 80 ಸೆಕೆಂಡು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಜೆಇಇ ಮೇನ್‌ನಲ್ಲಿ ಮೂರು ವಿಷಯಗಳ 75 ಪ್ರಶ್ನೆಗಳಿಗೆ ಮೂರು ಗಂಟೆ. ಸರಿ ಉತ್ತರಕ್ಕೆ 4 ಅಂಕ ಸಿಕ್ಕರೆ ತಪ್ಪಿಗೆ 1 ಹೋಗುತ್ತದೆ. ಮೊದಲನೆಯದು ಕೈಯ ರೂಢಿಯನ್ನು ಹೆಚ್ಚಾಗಿ ಪರೀಕ್ಷಿಸುತ್ತದೆ, ಎರಡನೆಯದು ಎರಡು ಮೂರು ಅಧ್ಯಾಯಗಳನ್ನು ಒಂದೇ ಲೆಕ್ಕದಲ್ಲಿ ಹೆಣೆಯುತ್ತದೆ. ಪೋಷಕರು ಮರೆಯುವ ಸಂಗತಿಯೆಂದರೆ, ಎಂಜಿನಿಯರಿಂಗ್ ಸಿಇಟಿ ರ‍್ಯಾಂಕಿನಲ್ಲಿ ಅರ್ಧ ಪಾಲು ಸೆಕೆಂಡ್ ಪಿಯುಸಿ ಬೋರ್ಡ್ ಪರೀಕ್ಷೆಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳದ್ದು. ಜೆಇಇ ಬ್ಯಾಚಿನ ಓಟದಲ್ಲಿ ಬೋರ್ಡಿನ ಐದು ಅಂಕದ ಲೆಕ್ಕಗಳನ್ನು ಹಂತ ಹಂತವಾಗಿ ಬರೆಯುವುದನ್ನೇ ಬಿಟ್ಟ ಮಕ್ಕಳು ಎರಡೂ ಕಡೆ ಕಳೆದುಕೊಂಡದ್ದನ್ನು ಕಂಡಿದ್ದೇನೆ. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸೀಟು ಮೀಸಲಾತಿ ಇರುವಾಗ, 1958ರಲ್ಲಿ ಆರಂಭವಾದ ಪಿಡಿಎಯಂಥ ಎಂಜಿನಿಯರಿಂಗ್ ಕಾಲೇಜು ನಮ್ಮ ಊರಲ್ಲೇ ಇರುವಾಗ, ಸಿಇಟಿಯನ್ನು ಎರಡನೇ ದರ್ಜೆಯ ದಾರಿಯೆಂದು ನೋಡುವುದು ನನಗೆ ಸರಿಕಾಣದು.

ಹಾಗೆಂದು ಜೆಇಇ ಬ್ಯಾಚೇ ಬೇಡವೆಂದು ನಾನು ಹೇಳುವುದಿಲ್ಲ. ತಮ್ಮನ ಮಗಳಿಗೆ ಕೊಟ್ಟ ಆ ಅಸಮತೆಯ ಲೆಕ್ಕವನ್ನು ಐದು ನಿಮಿಷದಲ್ಲಿ ಬಿಡಿಸಿ, ಇನ್ನೊಂದು ಕೊಡಿ ಎನ್ನುವ ಮಕ್ಕಳಿದ್ದಾರೆ; ಅವರನ್ನು ನಿಧಾನದ ತರಗತಿಯಲ್ಲಿ ಕೂಡಿಸಿದರೆ ಬೇಸರದಿಂದ ಹಾಳಾಗುತ್ತಾರೆ. ಕೊಟ್ಟ ಹತ್ತು ಹೊಸ ಲೆಕ್ಕಗಳಲ್ಲಿ ಐದಾರನ್ನು ಮಗು ಯಾರ ಸಹಾಯವಿಲ್ಲದೆ ಮಾಡಿ, ಉಳಿದವುಗಳಲ್ಲಿ ಎಲ್ಲಿ ಸಿಕ್ಕಿಕೊಂಡೆ ಎಂದು ಬೆರಳಿಟ್ಟು ತೋರಿಸಬಲ್ಲ ತರಗತಿಯೇ ಅದರ ತರಗತಿ ಎಂಬುದು ನನ್ನ ಅನುಭವದ ಅಳತೆ. ಎರಡು ಮೂರರ ಮೇಲೆ ಹೋಗದಿದ್ದರೆ ಕಾಪಿ ಮಾಡುವುದು ಶುರುವಾಗುತ್ತದೆ. ಸೇರಿಸುವ ಮೊದಲು ಕಾಲೇಜಿನವರನ್ನು ಕೇಳಬೇಕಾದ ಪ್ರಶ್ನೆಯೂ ಒಂದಿದೆ: ಅರ್ಧ ವರ್ಷಕ್ಕೆ ಬ್ಯಾಚ್ ಬದಲಿಸಲು ಬರುತ್ತದೆಯೇ, ಬದಲಿಸಿದರೆ ಕಟ್ಟಿದ ಫೀಸು ಏನಾಗುತ್ತದೆ? ಇದಕ್ಕೆ ನೇರ ಉತ್ತರ ಕೊಡದ ಕಡೆ ರಿಯಾಯಿತಿ ಎಷ್ಟಿದ್ದರೂ ಸೇರಿಸಬೇಡವೆಂದು ತಮ್ಮನಿಗೆ ಹೇಳಿದೆ.

ಅವಳು ಸಿಇಟಿ ಬ್ಯಾಚಿಗೆ ಸೇರಿದಳು. ಭಾನುವಾರ ಒಂದು ಗಂಟೆ ಜೆಇಇ ಮಟ್ಟದ ಎರಡೇ ಎರಡು ಲೆಕ್ಕ ಮಾಡುವುದು, ದಸರೆಗೆ ಮತ್ತೆ ಕೂತು ನೋಡುವುದು ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ. ಹೋದ ಭಾನುವಾರ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಒಂದು ಪುಟದ ಫೋಟೊ ಕಳಿಸಿದ್ದಳು. ಮೂರು ಕಡೆ ಕಾಟು ಹೊಡೆದಿತ್ತು, ಉತ್ತರ ಬಂದಿರಲಿಲ್ಲ. ನಾಲ್ಕನೇ ಸಾಲಿನ ಸುತ್ತ ಕೆಂಪು ಪೆನ್ನಿನಿಂದ ಗೆರೆ ಎಳೆದು, "ಅತ್ತಿ, ಇಲ್ಲೇ ತಪ್ಪೇದ ಅನಸ್ತದ, ಹೇಳಬ್ಯಾಡ್ರಿ, ನಾಳಿಗಿ ಮತ್ತ ಮಾಡ್ತೀನಿ" ಎಂದು ಬರೆದಿದ್ದಳು.