ಗಿಡ್ಡ ನಳಿಗೆಗೆ ಒಪ್ಪುವ ತೋಟಾ

ಭಾನುವಾರ, 12 ಜನವರಿ 2025

ಮೂರು ತಿಂಗಳಿನಿಂದ ತಲೆ ಕೊರೆಯುತ್ತಿದ್ದ ಪ್ರಶ್ನೆ ಇಂದು ಸಂಜೆ ಬಗೆಹರಿಯಿತು. 16 ಇಂಚು ನಳಿಗೆಯ ಲಿವರ್-ಆಕ್ಷನ್ (ಕೆಳಗಿನ ಸನ್ನೆಯನ್ನು ಎಳೆದು ತೋಟಾ ಏರಿಸುವ) ಬಂದೂಕು ಬೇಕೆಂಬುದು ಮೊದಲೇ ನಿಶ್ಚಯವಾಗಿತ್ತು. ಯಾವ ಕ್ಯಾಲಿಬರ್, ಅಂದರೆ ಯಾವ ಅಳತೆಯ ತೋಟಾ ಎಂಬಲ್ಲಿ ಮಾತ್ರ ಗಂಟು ಬಿದ್ದಿತ್ತು. 50ರಿಂದ 100 ಮೀಟರ್ ದೂರದ ಗುರಿ, ವಾರಕ್ಕೊಮ್ಮೆ ಅಭ್ಯಾಸ. ನನಗೆ ಬೇಕಿರುವುದು ಇಷ್ಟೇ.

ಆದರೂ ಮನಸ್ಸು ವಾಲಿದ್ದು .30-30 ಕಡೆಗೆ. ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1894 ಎಂಬ ಬಂದೂಕಿಗಾಗಿ 1895ರಲ್ಲಿ ಬಂದ ತೋಟಾ ಅದು. ಹೊಗೆರಹಿತ ಮದ್ದನ್ನು ಅಮೆರಿಕದ ಬೇಟೆಗಾರರ ಕೈಗೆ ಮೊದಮೊದಲು ತಲುಪಿಸಿದ್ದು. ಆ ಚರಿತ್ರೆಯ ಮೇಲೆ ನನಗೆ ನಿಜವಾದ ಪ್ರೀತಿಯಿದೆ. ಇಂದು ಅಭ್ಯಾಸದ ಮೈದಾನದಲ್ಲಿ ಹಿರಿಯರೊಬ್ಬರು ತಮ್ಮ ಎರಡು ಗಿಡ್ಡ ಬಂದೂಕುಗಳನ್ನು ಹಾರಿಸಿ ನೋಡಲು ಕೊಟ್ಟರು. ಒಂದು .30-30, ಇನ್ನೊಂದು .357 ಮ್ಯಾಗ್ನಮ್.

ಬೆಳಕು ಇಳಿಯುತ್ತಿದ್ದ ಹೊತ್ತು. .30-30 ಹಾರಿಸಿದಾಗ ನಳಿಗೆಯ ಬಾಯಲ್ಲಿ ಬೆಂಕಿಯ ಉಂಡೆಯೇ ಅರಳಿತು, ಸದ್ದು ಎದೆಗೆ ಬಡಿಯಿತು. "ನೀವು ಓದಿಕೊಂಡು ಬಂದ ವೇಗ ಈ ನಳಿಗೆಯದಲ್ಲ" ಎಂದರು ಹಿರಿಯರು. ನಿಜ. 150 ಗ್ರೇನ್ ತೂಕದ ಗುಂಡಿಗೆ ಪೆಟ್ಟಿಗೆಯ ಮೇಲೆ ಅಚ್ಚಾಗುವ ಸೆಕೆಂಡಿಗೆ 2,390 ಅಡಿ ಎಂಬುದು 24 ಇಂಚಿನ ನಳಿಗೆಯಲ್ಲಿ ಅಳೆದದ್ದು. ಅದರ ಮದ್ದು ನಿಧಾನವಾಗಿ ಉರಿಯುವಂಥದ್ದು. ಅನಿಲಕ್ಕೆ ಗುಂಡನ್ನು ಇನ್ನಷ್ಟು ತಳ್ಳುವ ಕಸುವು ಇರುವಾಗಲೇ ಗಿಡ್ಡ ನಳಿಗೆ ಮುಗಿದುಹೋಗುತ್ತದೆ. ಉಳಿದ ಬಲ ಬೆಳಕಾಗಿ, ಸದ್ದಾಗಿ ಪೋಲಾಗುತ್ತದೆ. ಹಾಗಿದ್ದರೂ ಬೇಟೆಯ ದೂರಗಳಲ್ಲಿ ಅದು .357ಕ್ಕಿಂತ ಮೇಲು, ಇದನ್ನು ಒಪ್ಪಲೇಬೇಕು.

.357ರ ಕಥೆ ಇದಕ್ಕೆ ತಿರುಗುಮುರುಗು. 1935ರಲ್ಲಿ ಅದು ಹುಟ್ಟಿದ್ದು ರಿವಾಲ್ವರಿಗಾಗಿ. 4 ಇಂಚಿನ ನಳಿಗೆಯಲ್ಲಿ 158 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 1,250 ಅಡಿ ವೇಗ ಪಡೆದರೆ, 16 ಇಂಚಿನಲ್ಲಿ 1,700-1,800 ಅಡಿಯವರೆಗೆ ಹೋಗುತ್ತದೆ. ಶಕ್ತಿ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ, ಹೆಚ್ಚುಕಡಿಮೆ ಇಮ್ಮಡಿ! ಒಂದಕ್ಕೆ ಕೊರತೆಯಾದ ಉದ್ದವೇ ಇನ್ನೊಂದಕ್ಕೆ ಲಾಭ. ಅದೇ ಬಂದೂಕಿನಲ್ಲಿ .38 ಸ್ಪೆಷಲ್ ಕೂಡ ಹಾರಿಸಬಹುದು. ಹಾರಿಸಿದೆ, ಭುಜಕ್ಕೆ ಒದೆತವೇ ತಿಳಿಯಲಿಲ್ಲ. .38 ತೋಟಾ ಗಿಡ್ಡವಾದ್ದರಿಂದ, ತೋಟಾ ಕೂರುವ ಕೋಣೆಯ ಮುಂಭಾಗದಲ್ಲಿ ಮಸಿಯ ಬಳೆ ಕಟ್ಟುತ್ತದೆ. ಅದನ್ನು ಉಜ್ಜಿ ತೆಗೆಯದಿದ್ದರೆ ಮುಂದೆ ಉದ್ದದ .357 ಸಲೀಸಾಗಿ ಕೂರುವುದಿಲ್ಲ.

.44 ಮ್ಯಾಗ್ನಮ್ ಬಗ್ಗೆಯೂ ಕೇಳಿದೆ. 240 ಗ್ರೇನ್ ಗುಂಡು, ಹಗುರ ಬಂದೂಕು: ಒಂದು ಪೆಟ್ಟಿಗೆ ಖಾಲಿಯಾಗುವಷ್ಟರಲ್ಲಿ ಭುಜ ಸೋಲುತ್ತದೆಯಂತೆ. .45 ಕೋಲ್ಟ್ ನನಗೆ ಕುತೂಹಲ ಹುಟ್ಟಿಸಿತು. 1873ರ ಆ ತೋಟಾ ರಿವಾಲ್ವರಿನಲ್ಲಿ ಅಷ್ಟು ಹೆಸರು ಮಾಡಿದರೂ ಆ ಕಾಲದ ವಿಂಚೆಸ್ಟರ್‌ಗಳಿಗೆ ಬರಲಿಲ್ಲ. ಅದರ ಬುಡದ ಅಂಚು ತೀರಾ ಸಣ್ಣದು, ಖಾಲಿ ಕೋಶವನ್ನು ಹಿಡಿದೆಳೆಯುವ ಕೊಕ್ಕೆಗೆ ಸರಿಯಾದ ಹಿಡಿತ ಸಿಗುತ್ತಿರಲಿಲ್ಲ. ರಿವಾಲ್ವರಿನ ತೋಟಾವನ್ನೇ ಹಾರಿಸುವ ಜೊತೆಗಾರ ಬಂದೂಕು ಬೇಕೆಂದವರು .44-40 ತೋಟಾದತ್ತ ಹೋದರು. ಈಗಿನ ಕೋಶಗಳಲ್ಲಿ ಕೊಕ್ಕೆಗೆಂದೇ ತೋಡು ಕೊರೆದಿರುತ್ತಾರೆ.

ತೋಟಾದ ಉದ್ದವೂ ಮುಖ್ಯ. 1958ರಲ್ಲಿ ಶುರುವಾದ ಅಮೆರಿಕದ ಟಿವಿ ಧಾರಾವಾಹಿಯೊಂದರ ನಾಯಕನ ಕೈಯಲ್ಲಿ ಕತ್ತರಿಸಿ ಗಿಡ್ಡಗೊಳಿಸಿದ ವಿಂಚೆಸ್ಟರ್ 1892, ಸೊಂಟದ ಪಟ್ಟಿಯಲ್ಲಿ ದೊಡ್ಡ .45-70 ತೋಟಾಗಳು. ಆ ಚಿತ್ರ ನೋಡಿ, ಆ ಬಂದೂಕು ಹಾರಿಸುವುದು ಅವನ್ನೇ ಎಂದು ವರ್ಷಗಟ್ಟಲೆ ನಂಬಿದ್ದೆ. ಆದರೆ ಅಷ್ಟುದ್ದದ ತೋಟಾ ಆ ಬಂದೂಕಿನ ಯಂತ್ರದೊಳಗೆ ಹಾಯುವುದೇ ಇಲ್ಲ. ಗಿಡ್ಡ ಬಂದೂಕಿನಲ್ಲಿ ತೋಟಾಗಳನ್ನು ಸಾಲಾಗಿ ತುಂಬಿಡುವ ಮ್ಯಾಗಜಿನ್ ಕೊಳವೆಯೂ ಗಿಡ್ಡ: ಇಂದು ನಾನು ಹಿಡಿದವುಗಳಲ್ಲಿ .357 ಎಂಟು ಹಿಡಿದರೆ .30-30 ಐದೇ.

ಕೊಳವೆಯಲ್ಲಿ ಒಂದರ ಮೂತಿ ಮುಂದಿನದರ ಬುಡದಲ್ಲಿರುವ ಪ್ರೈಮರ್‌ಗೆ (ಪೆಟ್ಟು ಬಿದ್ದರೆ ಮದ್ದಿಗೆ ಕಿಡಿ ಹಚ್ಚುವ ಬಿಲ್ಲೆಗೆ) ತಾಗಿ ನಿಲ್ಲುವುದರಿಂದ ಗಟ್ಟಿ ಚೂಪು ಮೂತಿಯ ಗುಂಡು ಅಪಾಯಕಾರಿ. ಹಿರಿಯರು ಈ ಮಾತನ್ನು ಎರಡು ಸಲ ಹೇಳಿದರು.

.357 ಎಂದೇ ಬರೆದುಕೊಂಡಿದ್ದೇನೆ. ಮುಂದಿನ ಭಾನುವಾರ 158 ಗ್ರೇನಿನ ಚಪ್ಪಟೆ ಮೂತಿಯ ಗುಂಡಿನಿಂದ 50 ಮೀಟರಿಗೆ ಗುರಿ ಹೊಂದಿಸಿ, ಅದೇ ಹೊಂದಿಕೆಯಲ್ಲಿ .38 ಎಷ್ಟು ಕೆಳಗೆ ಬೀಳುತ್ತದೆಂದು ಕಾಗದದ ಮೇಲೆ ಗುರುತು ಹಾಕಬೇಕು.