ಗಾಜಿನ ಕೆಳಗೆ ಹಳೇ ಪುಟ

ಲೈಬ್ರರಿಗೆ ಹೊಸ ತಂತ್ರಜ್ಞಾನ ಬಂತು ಅಂದರೆ ಸಾಲಾಗಿ ಇಟ್ಟ ಕಂಪ್ಯೂಟರ್, ಪುಸ್ತಕಕ್ಕೆ ಅಂಟಿಸಿದ ಬಾರ್‌ಕೋಡ್, ಮೊಬೈಲ್ ಆ್ಯಪ್ ನೆನಪಾಗುತ್ತವೆ. ಅವೆಲ್ಲ ಬೇಕು. ಆದರೆ ನನ್ನ ಮನಸ್ಸಿಗೆ ಹಿಡಿಸಿದ್ದು ಒಂದು ಸ್ಕ್ಯಾನರ್. ಬೇರೆ ಯಾರ ಕೈಗೂ ಕೊಡಲಾಗದ ಸ್ಥಿತಿಗೆ ಬಂದ ಪುಸ್ತಕವನ್ನು ಎಲ್ಲರ ಕೈಗೂ ಕೊಡುವ ಯಂತ್ರ ಅದು.

ಊರಿನ ಹಳೇ ವಾಚನಾಲಯದ ಸೂರು ಸೋರುತ್ತಿದೆ ಅಂತ ಒಂದು ಬೀರು ಖಾಲಿ ಮಾಡಿದರು. ಅದರಲ್ಲಿ ಒಂದು ಪೆಟ್ಟಿಗೆಯಷ್ಟು ಪುಸ್ತಕ ಬದಿಗೆ ಹೋಯಿತು. "ಇವನ್ನ ಯಾರಿಗೂ ಕೊಡೋಕಾಗಲ್ಲ ಕಣಪ್ಪ, ಮುಟ್ಟಿದ್ರೆ ಪುಡಿಯಾಗತ್ತೆ" ಅಂದರು ವಾಚನಾಲಯ ನೋಡಿಕೊಳ್ಳುವ ಮೇಷ್ಟ್ರು. ಬೆಂಗಳೂರಿನಲ್ಲಿ ಕೆಲವು ಗೆಳೆಯರು ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್ ಅನ್ನುವ ಉಚಿತ ಆನ್‌ಲೈನ್ ಲೈಬ್ರರಿಗೆ ಹಾಕುತ್ತಾರೆ. ಪೆಟ್ಟಿಗೆ ಹೊತ್ತುಕೊಂಡು ಅಲ್ಲಿಗೆ ಹೋದೆ. ಒಂದು ಶನಿವಾರ ಪೂರ್ತಿ ಅವರ ಜೊತೆ ಕೂತೆ.

ಯಂತ್ರದಲ್ಲಿ ಪುಸ್ತಕ ಇಡುವ ಜಾಗ ಇಂಗ್ಲಿಷಿನ 'ವಿ' ಅಕ್ಷರದ ಹಾಗಿದೆ. ಮೇಲಿಂದ ಅದೇ ಆಕಾರದ ಗಾಜು ಇಳಿದು ಎರಡೂ ಪುಟಗಳನ್ನು ಮೆಲ್ಲಗೆ ಒತ್ತಿ ಹಿಡಿಯುತ್ತದೆ. ಗಾಜು ಏರಿಸಲು, ಇಳಿಸಲು ಕಾಲಲ್ಲಿ ಪೆಡಲ್. ಎಡಗಡೆಯ ಕ್ಯಾಮೆರಾ ಬಲಪುಟವನ್ನು ನೋಡುತ್ತದೆ, ಬಲಗಡೆಯದು ಎಡಪುಟವನ್ನು. ಪುಸ್ತಕವನ್ನು ಪೂರ್ತಿ ಬಿಡಿಸಬೇಕಾಗಿಲ್ಲ, ಅರ್ಧ ತೆರೆದರೆ ಸಾಕು. ಇದೇ ಇದರ ದೊಡ್ಡ ಗುಣ. ಮಾಮೂಲಿ ಸ್ಕ್ಯಾನರ್‌ನಲ್ಲಾದರೆ ಪುಸ್ತಕವನ್ನು ಬೋರಲು ಹಾಕಿ ಒತ್ತಬೇಕು. ಹೊಲಿಗೆ ಕಿತ್ತುಬರುತ್ತದೆ. ನಡುವಿನ ಅಕ್ಷರಗಳು ಬಾಗಿ ಕಾಣುತ್ತವೆ. ಬೇಗ ಆಗಲಿ ಅಂತ ಬೆನ್ನನ್ನೇ ಕತ್ತರಿಸಿ ಹಾಳೆ ಹಾಳೆ ಮಾಡುವವರೂ ಇದ್ದಾರೆ. ನನಗಂತೂ ಅದನ್ನು ನೋಡಲು ಆಗುವುದಿಲ್ಲ.

ಪುಟ ತಿರುಗಿಸುವುದು ಮಾತ್ರ ಕೈಯಿಂದಲೇ. ಅಲ್ಲಿ ಕೆಲಸ ಮಾಡುವ ಹುಡುಗಿ ನನ್ನ ಮುಂದೆ ಒಂದು ಪುಟ ತಿರುಗಿಸಿ ತೋರಿಸಿದಳು. "ಮೂಲೆ ಹಿಡೀಬಾರದು ಸರ್, ಅದು ಮುರಿಯತ್ತೆ. ಅಂಚಿನ ಮಧ್ಯದಲ್ಲಿ ಕೆಳಗಿಂದ ಬೆರಳು ಕೊಡಿ, ತಾನಾಗೇ ಏಳತ್ತೆ." ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಆಮ್ಲ ಉಳಿದಿರುತ್ತದೆ. ಅದು ವರ್ಷ ಕಳೆದಂತೆ ಕಾಗದವನ್ನು ಒಳಗಿಂದಲೇ ತಿನ್ನುತ್ತದೆ. 300 ವರ್ಷದ ಓಲೆಗರಿ ಇನ್ನೂ ಗಟ್ಟಿ ಇರಬಹುದು, 70 ವರ್ಷದ ಪಠ್ಯಪುಸ್ತಕ ಹಪ್ಪಳವಾಗಿರುತ್ತದೆ.

ಪೆಟ್ಟಿಗೆಯಲ್ಲಿದ್ದವುಗಳಲ್ಲಿ ನನಗೆ ತುಂಬ ಇಷ್ಟವಾಗಿದ್ದು ಒಂದು ಅಂಕಗಣಿತದ ಪುಸ್ತಕ. ಬೆಲೆ ಆರಾಣೆ. ಒಳಗೆ ಪೂರ್ತಿ ರೂಪಾಯಿ, ಆಣೆ, ಪೈ, ಸೇರು, ಮಣದ ಲೆಕ್ಕ. 1957ರಲ್ಲಿ ನಯಾಪೈಸೆ ಬರುವ ಮುಂಚಿನ ಕಾಲದ್ದು ಅಂತ ನೋಡಿದರೇ ಗೊತ್ತಾಗುತ್ತದೆ. ಒಂದು ಪುಟದ ಅಂಚಿನಲ್ಲಿ ಯಾವುದೋ ಮಗು ಪೆನ್ಸಿಲ್‌ನಲ್ಲಿ 12 ಪೈಗೆ ಒಂದಾಣೆ, 16 ಆಣೆಗೆ ಒಂದು ರೂಪಾಯಿ ಅಂತ ಬರೆದುಕೊಂಡಿದೆ. ಕೆಳಗೆ ಒಂದು ಲೆಕ್ಕ ಅರ್ಧಕ್ಕೆ ನಿಂತಿದೆ. ಬರೀ ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಇಂಥ ತೆಳು ಪೆನ್ಸಿಲ್ ಗೆರೆ ಅಳಿಸಿಹೋಗುತ್ತದೆ. ಇಲ್ಲಿ ಬಣ್ಣದಲ್ಲೇ ತೆಗೆಯುತ್ತಾರೆ, ಹಾಗಾಗಿ ಆ ಮಗುವಿನ ಅಕ್ಷರವೂ ಉಳಿಯಿತು.

ಮಧ್ಯಾಹ್ನ ಊಟವಾದ ಮೇಲೆ ಓಸಿಆರ್ ಕೆಲಸ. ಅಂದರೆ ಚಿತ್ರದಲ್ಲಿರುವ ಅಕ್ಷರವನ್ನು ಕಂಪ್ಯೂಟರ್ ಓದಿ ಪಠ್ಯ ಮಾಡುವುದು. ಕನ್ನಡಕ್ಕೆ ಇದು ಈಗ ಸಾಕಷ್ಟು ಚೆನ್ನಾಗಿ ಆಗುತ್ತದೆ. ಹಳೇ ಅಚ್ಚುಮೊಳೆಯ ಪುಟದಲ್ಲಿ ಮಾತ್ರ ಒದ್ದಾಡುತ್ತದೆ. ಮೊಳೆ ಸವೆದಿದ್ದರೆ ದ, ಧ, ಥ ಎಲ್ಲ ಒಂದೇ. ಅರ್ಕಾವೊತ್ತು ಥೇಟ್ ಕನ್ನಡದ ಒಂಬತ್ತರ ಹಾಗೇ ಇರುತ್ತದಲ್ವಾ? 'ವರ್ಗ' ಅನ್ನುವುದು 'ವಗ೯' ಆಗಿ ಬಂದಿತ್ತು. ಅನುಸ್ವಾರಕ್ಕೂ ಸೊನ್ನೆಗೂ ಅದೇ ಜಗಳ. ಲೆಕ್ಕದ ಪುಸ್ತಕದಲ್ಲಿ ಇದು ಬೇರೆ ಕಡೆಗಿಂತ ಜಾಸ್ತಿ ಕಾಟ ಕೊಡುತ್ತದೆ. ಇಬ್ಬರು ಕೂತು ಸಾಲು ಸಾಲಾಗಿ ತಿದ್ದಿದೆವು. ಬೇಸರದ ಕೆಲಸ ಅಂತ ಅನ್ನಿಸಲೇ ಇಲ್ಲ.

ಪುಸ್ತಕದ ಹೆಸರನ್ನು ಕನ್ನಡ ಲಿಪಿಯಲ್ಲೇ ಹಾಕಬೇಕು ಅನ್ನುವುದು ಅಲ್ಲಿನ ಕಟ್ಟುನಿಟ್ಟು. ಅದು ಸರಿಯಾದ ಹಟ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆದಿಟ್ಟರೆ ಹುಡುಕುವವರಿಗೆ ಸಿಗುವುದು ಹೇಗೆ? ಸ್ಕ್ಯಾನ್ ಆಗಿಯೂ ಬೀರುವಿನಲ್ಲಿ ಬೀಗ ಹಾಕಿಟ್ಟಂತೆಯೇ.

ಎಲ್ಲವನ್ನೂ ತೆರೆದು ಹಾಕಲಾಗುವುದಿಲ್ಲ. ನಮ್ಮ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಕಾಪಿರೈಟ್ ಹಕ್ಕು ಇರುತ್ತದೆ. ಪೆಟ್ಟಿಗೆಯಲ್ಲಿದ್ದ ಒಂದು ನಾಟಕದ ಹಾಡಿನ ಪುಸ್ತಕ ಬರೆದವರು ಯಾರು, ಯಾವಾಗ ತೀರಿಕೊಂಡರು ಗೊತ್ತಾಗಲಿಲ್ಲ. ಸ್ಕ್ಯಾನ್ ಮಾಡಿ ಬದಿಗಿಟ್ಟೆವು. ಅವರ ಮನೆಯವರು ಸಿಕ್ಕರೆ ಕೇಳಬೇಕು. ಕೇಳಿದರೆ ಮನಸಾರೆ ಕೊಡುವವರಿದ್ದಾರೆ. ಕಾದಂಬರಿಕಾರ ನಿರಂಜನರ ಮನೆಯವರು 2014ರಲ್ಲಿ ಅವರ 50ಕ್ಕೂ ಹೆಚ್ಚು ಕೃತಿಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ, ಅಂದರೆ ಯಾರು ಬೇಕಾದರೂ ಓದಿ ಹಂಚಿಕೊಳ್ಳಬಹುದು ಅನ್ನುವ ಒಪ್ಪಿಗೆಯಲ್ಲಿ, ಎಲ್ಲರಿಗೂ ಬಿಟ್ಟುಕೊಟ್ಟರು. ಎಂಥ ದೊಡ್ಡ ಮನಸ್ಸು!

ನಿಮ್ಮೂರ ಲೈಬ್ರರಿಯಲ್ಲೋ ಮನೆಯ ಅಟ್ಟದಲ್ಲೋ ಇಂಥ ಪುಸ್ತಕ ಇದ್ದರೆ ರದ್ದಿಗೆ ಹಾಕುವ ಮುಂಚೆ ಅದರ ಹೆಸರನ್ನು ಆರ್ಕೈವ್‌ನಲ್ಲಿ ಕನ್ನಡದಲ್ಲೇ ಟೈಪ್ ಮಾಡಿ ಹುಡುಕಿ. ಸಿಗದಿದ್ದರೆ ಶೀರ್ಷಿಕೆ ಪುಟದ್ದೂ ಮುದ್ರಣದ ವಿವರ ಇರುವ ಪುಟದ್ದೂ ಫೋಟೋ ತೆಗೆದು ಸ್ಕ್ಯಾನ್ ಮಾಡುವ ಯಾರಿಗಾದರೂ ಕಳಿಸಿ. ಸಾಗಿಸುವಾಗ ನಿಲ್ಲಿಸಿ ತುರುಕಬೇಡಿ, ಪೆಟ್ಟಿಗೆಯಲ್ಲಿ ಮಲಗಿಸಿಡಿ.