ಕೆಂಪು ಕಲ್ಲಿನಿಂದ ಎರೆಹೊಲಕ್ಕೆ: ಎಳ್ಳಮಾಸಿಗೆ ಬೀದರ್

ಬೀದರ್ ಊರು ಕೂತಿರುವುದು ಕೆಂಪು ಜಂಬಿಟ್ಟಿಗೆಯ ಹಾಸಿನ ಮೇಲೆ. ಅಂಚು ದಾಟಿ ಕೆಳಗಿಳಿದರೆ ಕಪ್ಪು ಎರೆನೆಲ. ಈ ಎರಡನ್ನೂ ಕಾಲಲ್ಲಿ ತುಳಿದರೇನೇ ಊರು ಅರ್ಥವಾಗುತ್ತದೆ. ಅದಕ್ಕೆ ಎಳ್ಳ ಅಮಾವಾಸ್ಯೆಗಿಂತ ಒಳ್ಳೆಯ ಹೊತ್ತಿಲ್ಲ. ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ ಬರುವ ಈ ದಿನವನ್ನು ಇಲ್ಲಿಯವರು ಎಳ್ಳಮಾಸಿ ಎನ್ನುತ್ತಾರೆ. ಹಬ್ಬದ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ, ಅಂಗಡಿಗಳ ಬಾಗಿಲು ಹಾಕಿರುತ್ತವೆ. ಆದ್ದರಿಂದ ಒಂದು ದಿನ ಮೊದಲೇ ತಲುಪಬೇಕು. 2017ರಿಂದ ಕಲಬುರಗಿ–ಬೀದರ್ ರೈಲು ಮಾರ್ಗವೂ ಇದೆ.

ಮೊದಲ ದಿನ ಬೆಳಿಗ್ಗೆ ಆರೂವರೆಗೆ ಬರೀದ್ ಶಾಹಿ ಉದ್ಯಾನ. ಊರಿನವರು ವಾಕಿಂಗಿಗೆ ಬರುವ ಜಾಗ ಇದು. ಬರೀದ್ ಶಾಹಿ ಸುಲ್ತಾನ ಅಲಿ ಬರೀದನ ಗೋರಿ ನಾಲ್ಕು ಕಡೆಯೂ ತೆರೆದಿದೆ. ಬೆಳಗಿನ ಗಾಳಿ ಆರಪಾರ ಬೀಸುತ್ತದೆ. ಡಿಸೆಂಬರಿನ ಬೀದರ್ ಚಳಿಯನ್ನು ಹಗುರ ಮಾಡಬೇಡಿ. ಒಂಬತ್ತು ಗಂಟೆತನಕ ಮಕ್ಕಳ ಕಿವಿ ಮುಚ್ಚಿರಲಿ.

ಅಲ್ಲಿಂದ ನಾನಕ್ ಝರಾ ಗುರುದ್ವಾರ. ಇಲ್ಲಿ ನೀರು ಬಂಡೆಯಿಂದ ಬರುವ ಬಗೆ ನೋಡಬೇಕಾದದ್ದು. ಜಂಬಿಟ್ಟಿಗೆ ತೂತುತೂತು ಕಲ್ಲು, ಬಿದ್ದ ಮಳೆಯನ್ನು ಕುಡಿಯುತ್ತದೆ. ಅದರ ಅಡಿಗಿರುವ ಗಟ್ಟಿ ಕರಿಕಲ್ಲು ನೀರನ್ನು ಇಳಿಯಗೊಡುವುದಿಲ್ಲ. ಎರಡು ಕಲ್ಲು ಕೂಡುವ ಕಡೆ ನೀರು ಅಡ್ಡ ಹರಿದು ಹಾಸಿನ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ನೌಬಾದಿನ ಕರೇಜ್ ಕೂಡ ಅದೇ ನೀರಿನ ಲೆಕ್ಕ: ಇರಾನಿನಿಂದ ಬಂದ ವಿದ್ಯೆಯಲ್ಲಿ ನೆಲದಡಿ ಸಣ್ಣ ಇಳಿಜಾರಿನ ಸುರಂಗ ತೋಡಿ, ಗಾಳಿಗೂ ಹೂಳು ತೆಗೆಯಲಿಕ್ಕೂ ನಡುನಡುವೆ ಬಾವಿ ಇಳಿಸಿದ್ದಾರೆ. ಆ ಬಾವಿಗಳ ಹತ್ತಿರ ಮಕ್ಕಳ ಕೈ ಬಿಡಬಾರದು. ಗುರುದ್ವಾರದ ಲಂಗರಿನಲ್ಲಿ ಯಾರು ಬೇಕಾದರೂ ಉಣ್ಣಬಹುದು. ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕು, ಹಾಕಿಸಿಕೊಂಡದ್ದನ್ನು ಬಿಡಬಾರದು.

ಹತ್ತಕ್ಕೆ ಊರ ನಡುವಿನ ಹಳೇ ಕಾವಲು ಗೋಪುರ ಚೌಬಾರಾದಿಂದ ಉತ್ತರಕ್ಕೆ ನಡೆಯಿರಿ. ದಾರಿಯಲ್ಲೇ ಬಹಮನಿ ಮಂತ್ರಿ ಮಹಮೂದ್ ಗಾವಾನ್ ಕಟ್ಟಿಸಿದ 1472ರ ಮದರಸಾ. ಔರಂಗಜೇಬನ ಕಾಲದ ಮದ್ದಿನ ಸ್ಫೋಟಕ್ಕೆ ಅರ್ಧ ಉರುಳಿದರೂ ಉಳಿದ ಒಂದು ಮಿನಾರಿನ ಮೇಲೆ ನೀಲಿ ಹಂಚಿನ ಚೂರುಗಳು ಇನ್ನೂ ಇವೆ. ಅದೇ ರಸ್ತೆ ಕೋಟೆಗೆ ಮುಟ್ಟಿಸುತ್ತದೆ. ಕೋಟೆಯ ಕಂದಕ ಮೂರು ಸಾಲು. ಬಂಡೆಯನ್ನೇ ಕಡಿದು, ನಡುವೆ ಅದೇ ಬಂಡೆಯನ್ನು ಗೋಡೆಯಂತೆ ಉಳಿಸಿದ್ದಾರೆ. ಒಳಗೆ ಮೂರು ತಾಸು ಬೇಕು. ರಂಗೀನ್ ಮಹಲಿಗೆ ಸಾಮಾನ್ಯವಾಗಿ ಬೀಗ ಇರುತ್ತದೆ. ವಸ್ತುಸಂಗ್ರಹಾಲಯದ ಸಿಬ್ಬಂದಿಯನ್ನು ಕೇಳಿ ತೆಗೆಸಿಕೊಳ್ಳಿ. ಕರಿಕಲ್ಲಿನಲ್ಲಿ ಕೂಡಿಸಿದ ಮುತ್ತಿನ ಚಿಪ್ಪಿನ ಕೆಲಸ ನೋಡದೆ ಬಂದರೆ ಕೋಟೆ ನೋಡಿದಂತಲ್ಲ.

ಸಂಜೆ ಬಿದ್ರಿ, ಅಂದರೆ ಬೆಳ್ಳಿ ಕೂಡಿಸಿದ ಕಪ್ಪು ಲೋಹದ ಸಾಮಾನಿನ ಅಂಗಡಿಗಳ ಸಾಲು. ಸತು ಹದಿನಾರು ಪಾಲು, ತಾಮ್ರ ಒಂದು ಪಾಲು ಕೂಡಿಸಿ ಎರಕ ಹೊಯ್ದು, ಅರದಿಂದ ನಯಮಾಡಿ, ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಉಳಿಯ ಗೆರೆ ಕಾಣಲಿ ಎಂದಷ್ಟೇ ಆ ಕಪ್ಪು. ಗೆರೆಯಲ್ಲಿ ಬೆಳ್ಳಿ ತಂತಿ ಬಡಿದು ಕೂಡಿಸಿದ ಮೇಲೆ ಮತ್ತೆ ಅರ ಹಾಕಿದಾಗ ಎಲ್ಲ ಬೂದುಬಣ್ಣವಾಗುತ್ತದೆ. ಕೊನೆಗೆ ಬಿಸಿಮಾಡಿ, ಕೋಟೆಯಲ್ಲಿ ಮಳೆ ಬಿಸಿಲು ಕಾಣದ ಕಡೆಯ ಮಣ್ಣಿಗೆ ನವಸಾಗರ ಬೆರೆಸಿ ತಿಕ್ಕುತ್ತಾರೆ. ಲೋಹ ಕಾಡಿಗೆಯಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಣ್ಣು ಸರಿಯೋ ಅಲ್ಲವೋ ಎಂದು ನಾಲಿಗೆಗೆ ಹಚ್ಚಿ ನೋಡುವ ಕುಶಲಕರ್ಮಿಗಳಿದ್ದಾರೆ. ಕೊಂಡ ಮೇಲೆ ಹುಣಸೆ, ನಿಂಬೆ ತಾಗಿಸಬೇಡಿ. ಕಪ್ಪು ಮಂಕಾದರೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು.

ಎರಡನೆಯ ದಿನ ಬೆಳಿಗ್ಗೆ ಪೂರ್ವಕ್ಕೆ ಮೂರು ಕಿಲೋಮೀಟರ್ ದೂರದ ಅಷ್ಟೂರಿಗೆ ನಡೆದೇ ಇಳಿಯಿರಿ. ದಾರಿ ಇಳಿಜಾರು, ಮುಕ್ಕಾಲು ತಾಸಿನ ಮಾತು. ಕೆಂಪು ಮಣ್ಣು ಕಪ್ಪಾಗುವುದು ಕಾಲಡಿಯಲ್ಲೇ ಕಾಣುತ್ತದೆ. ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿಯ ಗೋರಿಯೊಳಗೆ ಹೋದವರು ಕತ್ತಲೆ ಎಂದು ತಕ್ಷಣ ಹೊರಬರುತ್ತಾರೆ. ಐದು ನಿಮಿಷ ಸುಮ್ಮನೆ ನಿಲ್ಲಬೇಕು. ಕಣ್ಣು ಹೊಂದಿಕೊಂಡ ಮೇಲೆ ಗುಮ್ಮಟದ ಕೆಂಪು, ಚಿನ್ನದ ಬಣ್ಣಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಇಲ್ಲಿಯ ಉರುಸಿಗೆ ಹಿಂದೂಗಳೂ ಮುಸ್ಲಿಮರೂ ಕೂಡಿ ಬರುತ್ತಾರೆ. ಪಕ್ಕದ ಬಹಮನಿ ಸುಲ್ತಾನ ಹುಮಾಯೂನನ ಗೋರಿ ಸಿಡಿಲಿಗೆ ಸೀಳಿತೆಂದು ಹೇಳುತ್ತಾರೆ. ಅರ್ಧವಷ್ಟೇ ನಿಂತ ಗುಮ್ಮಟದ ದಪ್ಪ ನೋಡಬೇಕೆಂದರೆ ಇದೇ ಜಾಗ.

ಇನ್ನು ಹೊಲ. ಬೀದರಿನಲ್ಲಿ ನೆಂಟರೋ ಪರಿಚಯದವರೋ ಇದ್ದರೆ ಕರೆ ಬಂದೇ ಬರುತ್ತದೆ. ಜೋಳದ ದಂಟಿನ ಕೊಂಪೆ ಕಟ್ಟಿ, ಸುಣ್ಣ ಬಳಿದ ಐದು ಕಲ್ಲು ಇಟ್ಟು ಪೂಜಿಸಿ, ಅಡುಗೆಯ ಒಂದು ಪಾಲನ್ನು ಚರಗವೆಂದು ಹೊಲದ ತುಂಬ ಚೆಲ್ಲುತ್ತಾರೆ. ಮಕ್ಕಳು ಹೊಲದ ಸುತ್ತ ಓಡುವುದೇ ಅಂದಿನ ವ್ಯಾಯಾಮ.

ಬರಿಗೈಲಿ ಹೋಗುವುದು ಚೆಂದವಲ್ಲ, ಭಜ್ಜಿ ಮಾಡಿಕೊಂಡು ಹೋಗಿ; ಇಲ್ಲಿ ಭಜ್ಜಿ ಎಂದರೆ ಕರಿದದ್ದಲ್ಲ, ಕಾಳು, ತರಕಾರಿ, ಸೊಪ್ಪು ಕೂಡಿಸಿ ಬೇಯಿಸಿದ್ದು. ಆರು ಜನಕ್ಕೆ ಹಸಿ ತೊಗರಿ, ಅವರೆ, ಬಟಾಣಿ, ಹಸಿಕಡಲೆ ತಲಾ ಒಂದು ಬಟ್ಟಲು, ಶೇಂಗಾ ಅರ್ಧ ಬಟ್ಟಲು, ಮೆಂತ್ಯ ಮತ್ತು ಪಾಲಕ್ ಒಂದೊಂದು ಕಟ್ಟು, ಉಳ್ಳಾಗಡ್ಡಿ ಸೊಪ್ಪು, ಎರಡು ಗಜ್ಜರಿ, ನಾಲ್ಕು ಎಳೆ ಬದನೆಕಾಯಿ. ಕಾಳು ಮೊದಲು ಬೇಯಲಿ, ಆಮೇಲೆ ತರಕಾರಿ, ಕೊನೆಗೆ ಸೊಪ್ಪು. ನಿಂಬೆಹಣ್ಣಿನಷ್ಟು ಹುಣಸೆಯ ರಸವನ್ನು ಕಾಳು ಪೂರ್ತಿ ಮೆತ್ತಗಾದ ಮೇಲೆಯೇ ಹಾಕಬೇಕು; ಮೊದಲೇ ಹಾಕಿದರೆ ಹುಳಿಗೆ ಕಾಳು ಬಿರುಸಾಗಿ ಎಷ್ಟು ಕುದಿಸಿದರೂ ಬೇಯುವುದಿಲ್ಲ. ನಾಲ್ಕು ಚಮಚ ಕಡಲೆಹಿಟ್ಟನ್ನು ತಣ್ಣೀರಲ್ಲಿ ಕಲಸಿಯೇ ಸುರಿಯಿರಿ, ಒಣಹಿಟ್ಟು ಗಂಟಾಗುತ್ತದೆ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ ಕುಟ್ಟಿ ಒಗ್ಗರಣೆ ಕೊಟ್ಟು ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ.

ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಸಜ್ಜೆ ಹಿಟ್ಟನ್ನು ಹಿಂದಿನ ದಿನವೇ ಬೀಸಿಸಿ. ವಾರಗಟ್ಟಲೆ ಇಟ್ಟ ಹಿಟ್ಟು ಕಹಿಯಾಗುತ್ತದೆ. ಅರ್ಧದಷ್ಟು ಹಿಟ್ಟನ್ನು ಕುದಿಯುವ ನೀರಿನಲ್ಲಿ ನಾದಿದರೆ ಜಿಗಿ ಬರುತ್ತದೆ. ನೀರು ಬರೀ ಬೆಚ್ಚಗಿದ್ದರೆ ಬಡಿಯುವಾಗ ಅಂಚು ಸೀಳುತ್ತದೆ. ಎಳ್ಳು ಉದುರದಿರಲು ಒದ್ದೆ ಕೈಯಿಂದ ಒತ್ತಬೇಕು. ಶೇಂಗಾ ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಹುರಿದ ಶೇಂಗಾ ಪೂರಾ ಆರಿರಬೇಕು. ಬಿಸಿಯಲ್ಲಿ ಕುಟ್ಟಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ.

ಉಂಡ ಮೇಲೆ ಮನೆಯ ಹಿರಿಯರನ್ನು ಕೊಂಪೆಯ ನೆರಳಲ್ಲಿ ಕೂರಿಸಿ ಬಂಡಿ ಕಟ್ಟಿ ಬರುತ್ತಿದ್ದ ಕಾಲದ ಚರಗ ಹೇಗಿತ್ತೆಂದು ಕೇಳಿ. ಫೋನಿನಲ್ಲಿ ದನಿ ಹಿಡಿದಿಡಿ, ಹೊಲದ ಹೆಸರು, ಬಾವಿಯ ಹೆಸರು ಅವರ ಬಾಯಲ್ಲೇ ಬರಲಿ. ಜೋಳದ ತೆನೆ ಹಾಲುಗಾಳು ಕಟ್ಟಿದ್ದರೆ ಸೀತನಿಗೂ ಅದೇ ಹೊತ್ತು. ಕುಳ್ಳಿನ ಕೆಂಡದಲ್ಲಿ ತೆನೆ ಹೂಳಿ, ಸಿಪ್ಪೆ ಕಪ್ಪಾದೊಡನೆ ತೆಗೆಯಬೇಕು, ತಡವಾದರೆ ಕಾಳು ಬಿರುಸಾಗುತ್ತದೆ. ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ ಹೊಟ್ಟು ಊದಬೇಕು. ಈ ಕೆಲಸವನ್ನು ಅಜ್ಜನ ಕೈಗೇ ಕೊಡಿ, ಕಳೆ ತೆಗೆಯುವ ಕುರುಪಿ ಹಿಡಿದು ಗಟ್ಟಿಯಾದ ಅಂಗೈಗೆ ಆ ಬಿಸಿ ತಾಕುವುದಿಲ್ಲ. ಮೊಮ್ಮಕ್ಕಳು ಬೊಗಸೆ ಒಡ್ಡಿ ಸುತ್ತ ಕೂತರಾಯಿತು.